ಹೈಸ್ಕೂಲಿನಲ್ಲೇ ಕಾಲೇಜಿನ ವಿಶ್ವ ಇತಿಹಾಸ: ಅಮೆರಿಕದ ‘ಎಪಿ ವರ್ಲ್ಡ್ ಹಿಸ್ಟರಿ’ ಎಂದರೇನು?

ಅಮೆರಿಕದಲ್ಲಿ ನೆಲೆಸಿದ ಮಗನ ಮನೆಯಿಂದ ಫೋನು ಬರುತ್ತದೆ. ಹತ್ತನೇ ತರಗತಿಯ ಮೊಮ್ಮಗಳು ‘ಅಜ್ಜಿ, ಈ ವರ್ಷ ಎಪಿ ವರ್ಲ್ಡ್ ತಗೊಂಡಿದೀನಿ, ತುಂಬಾ ಓದೋದಿದೆ’ ಅನ್ನುತ್ತಾಳೆ. ಊರಲ್ಲಿರುವ ಹಿರಿಯರಿಗೆ ತಲೆಬುಡ ತಿಳಿಯುವುದಿಲ್ಲ. ರಾಯದುರ್ಗ, ಮಡಕಶಿರಾ ಕಡೆಯವರಿಗಂತೂ ಎಪಿ ಎಂದರೆ ಆಂಧ್ರ ಪ್ರದೇಶ, ಬೇರೇನೂ ಅಲ್ಲ.

ಇಲ್ಲಿ ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಮೊದಲ ವರ್ಷದ ಮಟ್ಟದ ಒಂದು ವಿಷಯವನ್ನು ಓದುವುದು, ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಆಗಿರುವ ಪರೀಕ್ಷೆ ಬರೆಯುವುದು, 1 ರಿಂದ 5 ರ ಒಳಗೆ ಒಂದು ಅಂಕ ಪಡೆಯುವುದು, ಮುಂದೆ ಸೇರುವ ಕಾಲೇಜು ಒಪ್ಪಿದರೆ ಆ ವಿಷಯವನ್ನು ಅಲ್ಲಿ ಮತ್ತೆ ಓದದೆ ಮುಂದಿನ ಹಂತಕ್ಕೆ ಹೋಗುವುದು. ಏರ್ಪಾಡು ಇಷ್ಟೇ. ಅಲ್ಲಿನ ಹೈಸ್ಕೂಲು 9 ರಿಂದ 12 ನೇ ತರಗತಿಯವರೆಗೆ ನಾಲ್ಕು ವರ್ಷ ಎಂಬುದನ್ನು ನೆನಪಿಟ್ಟುಕೊಂಡರೆ ಗೊಂದಲ ಕಡಿಮೆ. ನಮ್ಮ ಕರ್ನಾಟಕದ ಪಿಯುಸಿ, ಕೇರಳದ ಪ್ಲಸ್ ಟು, ಆಂಧ್ರ-ತೆಲಂಗಾಣದ ಇಂಟರ್, ಮಹಾರಾಷ್ಟ್ರದ ಹನ್ನೊಂದನೇ-ಹನ್ನೆರಡನೇ ಇಯತ್ತೆ, ಎಲ್ಲವೂ ಅವರಿಗೆ ಹೈಸ್ಕೂಲಿನೊಳಗೇ ಬಂದುಬಿಡುತ್ತವೆ. ವಿಶ್ವ ಇತಿಹಾಸದ ಈ ಕೋರ್ಸನ್ನು ಹೆಚ್ಚಿನ ಮಕ್ಕಳು ತೆಗೆದುಕೊಳ್ಳುವುದು ಹತ್ತನೇ ತರಗತಿಯಲ್ಲಿ. ಅಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಬರೆಯುವ ವಯಸ್ಸಿನಲ್ಲಿ.

ಎಪಿ ಯೋಜನೆ ಹುಟ್ಟಿದ್ದು 1950 ರ ದಶಕದಲ್ಲಿ. ಚುರುಕಾದ ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷ ಮತ್ತು ಕಾಲೇಜಿನ ಮೊದಲ ವರ್ಷಗಳಲ್ಲಿ ಓದಿದ್ದನ್ನೇ ಓದಿ ಕಾಲ ಕಳೆಯುತ್ತಾರೆ ಎಂಬ ದೂರಿತ್ತು. ಫೋರ್ಡ್ ಫೌಂಡೇಷನ್ ಹಣ ಕೊಟ್ಟು ಪ್ರಯೋಗ ಮಾಡಿಸಿತು. 1955 ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಅದನ್ನು ವಹಿಸಿಕೊಂಡಿತು, 1956 ರಲ್ಲಿ ಮೊದಲ ಪರೀಕ್ಷೆಗಳು ನಡೆದವು. ಹೆಸರಿನಲ್ಲಿ ಬೋರ್ಡ್ ಎಂದಿದ್ದರೂ ಇದು ನಮ್ಮ ಪರೀಕ್ಷಾ ಮಂಡಳಿಗಳ ಹಾಗೆ ಸರಕಾರಿ ಸಂಸ್ಥೆಯಲ್ಲ. 1900 ರಲ್ಲಿ ಹುಟ್ಟಿದ, ಲಾಭಕ್ಕಾಗಿ ಅಲ್ಲದ ಖಾಸಗಿ ಸಂಸ್ಥೆ. ಸ್ಯಾಟ್ ಪರೀಕ್ಷೆಯೂ ಇದರದ್ದೇ. ಈಗ ಗಣಿತ, ಭೌತಶಾಸ್ತ್ರದಿಂದ ಹಿಡಿದು ಸಂಗೀತ ಶಾಸ್ತ್ರದವರೆಗೆ ಸುಮಾರು 40 ವಿಷಯಗಳಲ್ಲಿ ಎಪಿ ಇದೆ.

ವಿಶ್ವ ಇತಿಹಾಸ ತಡವಾಗಿ ಬಂದದ್ದೇಕೆ?

ಯುರೋಪಿನ ಇತಿಹಾಸಕ್ಕೆ ಎಪಿಯಲ್ಲಿ ಆರಂಭದ ಕಾಲದಿಂದಲೇ ಜಾಗವಿತ್ತು. ವಿಶ್ವ ಇತಿಹಾಸದ ಮೊದಲ ಪರೀಕ್ಷೆ ನಡೆದದ್ದು 2002 ರ ಮೇ ತಿಂಗಳಲ್ಲಿ. ನಡುವೆ 40 ವರ್ಷಕ್ಕಿಂತ ಹೆಚ್ಚು ಅಂತರ. ಇದಕ್ಕೆ ಕಾರಣ ಅಲ್ಲಿನ ಕಾಲೇಜುಗಳಲ್ಲೇ ಇತ್ತು. ಗ್ರೀಸಿನಿಂದ ರೋಮಿಗೆ, ರೋಮಿನಿಂದ ಪ್ಯಾರಿಸ್-ಲಂಡನ್ನಿಗೆ, ಅಲ್ಲಿಂದ ಅಮೆರಿಕಕ್ಕೆ ಎಂದು ಹೋಗುವ ‘ಪಾಶ್ಚಾತ್ಯ ನಾಗರಿಕತೆ’ಯ ಪಾಠವೇ ಬಹುಕಾಲ ಪ್ರಪಂಚದ ಇತಿಹಾಸ ಎನಿಸಿಕೊಂಡಿತ್ತು. ಭಾರತ, ಚೀನಾ, ಆಫ್ರಿಕಾಗಳು ಅದರಲ್ಲಿ ಬರುತ್ತಿದ್ದದ್ದು ಯುರೋಪಿನ ಹಡಗು ಅಲ್ಲಿಗೆ ತಲುಪಿದಾಗ ಮಾತ್ರ.

ವಿಲಿಯಂ ಮೆಕ್ನೀಲ್ 1963 ರಲ್ಲಿ ಬರೆದ ‘ದಿ ರೈಸ್ ಆಫ್ ದಿ ವೆಸ್ಟ್’ ಹೆಸರಿಗೆ ಪಶ್ಚಿಮದ ಏಳಿಗೆಯ ಪುಸ್ತಕ. ಒಳಗಿರುವುದು ಬೇರೆ ಬೇರೆ ನಾಗರಿಕತೆಗಳು ಒಂದರಿಂದೊಂದು ಏನನ್ನು ಪಡೆದವು ಎಂಬ ವಿಚಾರ. ಅದರ ನಂತರದ ಎರಡು ದಶಕಗಳಲ್ಲಿ ಆ ದಾರಿಯಲ್ಲಿ ಹಲವರು ಕೆಲಸ ಮಾಡಿದರು. 1982 ರಲ್ಲಿ ವರ್ಲ್ಡ್ ಹಿಸ್ಟರಿ ಅಸೋಸಿಯೇಷನ್ ಶುರುವಾಯಿತು, 1990 ರಲ್ಲಿ ಜೆರ್ರಿ ಬೆಂಟ್ಲಿ ಸಂಪಾದಕರಾಗಿ ‘ಜರ್ನಲ್ ಆಫ್ ವರ್ಲ್ಡ್ ಹಿಸ್ಟರಿ’ ಹೊರಟಿತು. ದೇಶ ದೇಶದ ಕತೆಯನ್ನು ಸಾಲಾಗಿ ಜೋಡಿಸುವ ಬದಲು ವ್ಯಾಪಾರ, ವಲಸೆ, ರೋಗ, ಧರ್ಮ, ಬೆಳೆಗಳು ಗಡಿ ದಾಟಿದ್ದನ್ನು ಹಿಡಿದು ಹೋಗುವುದು ಇವರ ಪದ್ಧತಿ. ಇದು ಕಾಲೇಜುಗಳಲ್ಲಿ ನೆಲೆಯೂರಿದ ಮೇಲೆ ಹೈಸ್ಕೂಲಿಗೆ ಇಳಿಯಿತು. ಮೊದಲ ವರ್ಷವೇ 20 ಸಾವಿರಕ್ಕೂ ಹೆಚ್ಚು ಮಕ್ಕಳು ಪರೀಕ್ಷೆ ಬರೆದರು. 2018 ರ ಹೊತ್ತಿಗೆ ಆ ಸಂಖ್ಯೆ 3 ಲಕ್ಷ ದಾಟಿತ್ತು.

ಪಾಠದಲ್ಲಿ ಏನಿದೆ?

ಈಗ ಇದರ ಪೂರ್ಣ ಹೆಸರು ‘ಎಪಿ ವರ್ಲ್ಡ್ ಹಿಸ್ಟರಿ: ಮಾಡರ್ನ್’. 1200 ನೇ ಇಸವಿಯಿಂದ ಇಂದಿನವರೆಗೆ ಒಂಬತ್ತು ಘಟಕಗಳು. ಮೊದಲೆರಡು 1200 ರಿಂದ 1450: ಒಂದರಲ್ಲಿ ಆ ಕಾಲದ ರಾಜ್ಯಗಳು, ಇನ್ನೊಂದರಲ್ಲಿ ಅವುಗಳನ್ನು ಬೆಸೆದ ರೇಷ್ಮೆ ದಾರಿ, ಹಿಂದೂ ಮಹಾಸಾಗರ, ಸಹಾರಾ ಮರುಭೂಮಿಯ ವ್ಯಾಪಾರ. ಮೂರು-ನಾಲ್ಕು 1450 ರಿಂದ 1750: ಮೊಘಲ್, ಆಟೊಮನ್, ಮಿಂಗ್-ಚಿಂಗ್ ಸಾಮ್ರಾಜ್ಯಗಳು ಒಂದು ಕಡೆ, ಸಮುದ್ರ ದಾಟಿದ ಯುರೋಪಿಯನ್ನರು ಇನ್ನೊಂದು ಕಡೆ. ಐದು-ಆರು 1750 ರಿಂದ 1900: ಕ್ರಾಂತಿಗಳು, ಕೈಗಾರಿಕೆ, ವಸಾಹತು, ಕೂಲಿಯಾಳುಗಳ ವಲಸೆ. ಕೊನೆಯ ಮೂರು 20 ನೇ ಶತಮಾನದಿಂದ ಈಚೆಗೆ: ಮಹಾಯುದ್ಧಗಳು, ಶೀತಲ ಸಮರ ಮತ್ತು ವಸಾಹತುಗಳ ಬಿಡುಗಡೆ, ಜಾಗತೀಕರಣ. ನಡುವಿನ ನಾಲ್ಕು ಘಟಕಗಳಿಗೆ ಪರೀಕ್ಷೆಯಲ್ಲಿ ತಲಾ ಶೇ. 12 ರಿಂದ 15, ಉಳಿದ ಐದಕ್ಕೆ ತಲಾ ಶೇ. 8 ರಿಂದ 10 ರಷ್ಟು ತೂಕ.

ನಮ್ಮ ಕಡೆಯ ಹೆಸರುಗಳು ಇದರಲ್ಲಿ ಎಲ್ಲಿ ಬರುತ್ತವೆ? ಮೊದಲ ಘಟಕದಲ್ಲೇ ದಕ್ಷಿಣ ಏಷ್ಯಾದ ರಾಜ್ಯಗಳಿಗೆ ಉದಾಹರಣೆಯಾಗಿ ವಿಜಯನಗರದ ಹೆಸರಿದೆ. ಭಕ್ತಿ ಪಂಥ ಮತ್ತು ಸೂಫಿ ಪಂಥಗಳೂ ಅಲ್ಲೇ ಇವೆ. ಎರಡನೇ ಘಟಕದಲ್ಲಿ ಪ್ರವಾಸಿ ಇಬ್ನ್ ಬತೂತ ಇದ್ದಾನೆ; 1340 ರ ದಶಕದಲ್ಲಿ ಹೊನ್ನಾವರ, ಮಂಗಳೂರು ಹಾದು ಮಲಬಾರಿಗೆ ಹೋದವನು, ಅಂದರೆ ಕಾಸರಗೋಡಿನ ಕರಾವಳಿಯ ಉದ್ದಕ್ಕೂ ಸಾಗಿದವನು. ಮೊಘಲರನ್ನು ಎದುರಿಸಿದ ಮರಾಠರು, 1857, ಗಾಂಧೀಜಿ, 1947 ರ ದೇಶವಿಭಜನೆ ಮುಂದೆ ಬರುತ್ತವೆ. ಆದರೆ ಎಲ್ಲವೂ ಒಂದೊಂದು ಸಾಲು, ಹೆಚ್ಚೆಂದರೆ ಒಂದೆರಡು ಪುಟ. ಆದೋನಿ, ಪೆನುಕೊಂಡೆಗಳ ಕೋಟೆ ನೋಡಿ ಬೆಳೆದವರಿಗೆ ವಿಜಯನಗರ ಇಷ್ಟು ಚಿಕ್ಕದಾಗಿ ಕಾಣುವುದು ವಿಚಿತ್ರ ಎನಿಸಬಹುದು. ಇಡೀ ಪ್ರಪಂಚದ 800 ವರ್ಷಗಳನ್ನು ಒಂದು ಶಾಲಾ ವರ್ಷದಲ್ಲಿ ಮುಗಿಸಬೇಕಾದಾಗ ಫ್ರಾನ್ಸಿಗೂ ಹೆಚ್ಚು ಜಾಗ ಸಿಗುವುದಿಲ್ಲ.

ತರಗತಿ ನಡೆಯುವ ರೀತಿ ಶಾಲೆಯಿಂದ ಶಾಲೆಗೆ ಬೇರೆ. ಸರಕಾರ ಅಚ್ಚು ಹಾಕಿಸಿದ ಒಂದೇ ಪಠ್ಯಪುಸ್ತಕ ಇಲ್ಲ; ಬೆಂಟ್ಲಿ-ಝೀಗ್ಲರ್ ಪುಸ್ತಕ, ರಾಬರ್ಟ್ ಸ್ಟ್ರೇಯರ್ ಪುಸ್ತಕ ಹೀಗೆ ಕಾಲೇಜಿನವರು ಬಳಸುವ ಕೆಲವು ದಪ್ಪ ಪುಸ್ತಕಗಳಲ್ಲಿ ಒಂದನ್ನು ಶಾಲೆ ಆರಿಸಿಕೊಳ್ಳುತ್ತದೆ. ಕೋರ್ಸಿಗೆ ಎಪಿ ಎಂಬ ಹೆಸರು ಹಾಕಬೇಕಾದರೆ ಶಿಕ್ಷಕರು ತಮ್ಮ ಪಾಠಕ್ರಮವನ್ನು ಕಾಲೇಜ್ ಬೋರ್ಡಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಮನೆಯಲ್ಲಿ ದಿನವೂ ಓದಿ ಟಿಪ್ಪಣಿ ಮಾಡಿಕೊಂಡು ಬರುವುದು ಮಕ್ಕಳ ಕೆಲಸ. ಹದಿನೈದು ವರ್ಷದ ಮಕ್ಕಳಿಗೆ ಇದು ಹಗುರವೇನಲ್ಲ, ಏಕೆಂದರೆ ಬಹಳ ಮಕ್ಕಳಿಗೆ ಇದೇ ಮೊದಲ ಎಪಿ.

ಪರೀಕ್ಷೆ: ಇಸವಿ ನೆನಪಿದ್ದರೆ ಸಾಲದು

2025 ರ ಮೇ ಪರೀಕ್ಷೆಯ ಸ್ವರೂಪ ಹೀಗಿತ್ತು. ಒಟ್ಟು 3 ಗಂಟೆ 15 ನಿಮಿಷ. ಮೊದಲು 55 ನಿಮಿಷದಲ್ಲಿ 55 ಬಹು ಆಯ್ಕೆ ಪ್ರಶ್ನೆಗಳು, ಇದಕ್ಕೆ ಶೇ. 40 ತೂಕ. ನಂತರ 40 ನಿಮಿಷದಲ್ಲಿ ಮೂರು ಕಿರು ಉತ್ತರಗಳು, ಶೇ. 20. ಆಮೇಲೆ ದಾಖಲೆ ಆಧಾರಿತ ಪ್ರಶ್ನೆ, 60 ನಿಮಿಷ, ಶೇ. 25. ಕೊನೆಗೆ 40 ನಿಮಿಷದ ದೀರ್ಘ ಪ್ರಬಂಧ, ಶೇ. 15. ಆ ವರ್ಷದಿಂದ ಕಾಗದದ ಉತ್ತರಪತ್ರಿಕೆ ಹೋಗಿ ಕಂಪ್ಯೂಟರಿನಲ್ಲಿ ‘ಬ್ಲೂಬುಕ್’ ಎಂಬ ತಂತ್ರಾಂಶದ ಮೂಲಕ ಬರೆಯುವುದು ಬಂತು.

ಬಹು ಆಯ್ಕೆ ಪ್ರಶ್ನೆ ಎಂದ ಕೂಡಲೇ ‘ಪಾಣಿಪತ್ ಕದನ ನಡೆದ ವರ್ಷ ಯಾವುದು’ ಎಂಬ ಬಗೆಯದ್ದನ್ನು ಊಹಿಸಬಾರದು. ಒಂದು ಪತ್ರದ ತುಣುಕು, ಚಿತ್ರ, ನಕ್ಷೆ ಅಥವಾ ಅಂಕಿಅಂಶದ ಕೋಷ್ಟಕ ಕೊಟ್ಟು ಅದರ ಮೇಲೆ ಮೂರು-ನಾಲ್ಕು ಪ್ರಶ್ನೆ ಕೇಳುತ್ತಾರೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಹಿಂದೆ ಇತ್ತು, 2011 ರಿಂದ ಇಲ್ಲ.

ಈ ಪರೀಕ್ಷೆಯ ಜೀವಾಳ ದಾಖಲೆ ಆಧಾರಿತ ಪ್ರಶ್ನೆ. ಮಕ್ಕಳು ಇದನ್ನು ‘ಡಿಬಿಕ್ಯೂ’ ಎಂದು ಕರೆಯುತ್ತಾರೆ, ಹೆಚ್ಚು ಹೆದರುವುದೂ ಇದಕ್ಕೇ. ಏಳು ದಾಖಲೆ ಕೊಡುತ್ತಾರೆ. ವಿದ್ಯಾರ್ಥಿ ಮೊದಲು ನೋಡಿರದ ದಾಖಲೆಗಳು. ಮೊದಲ 15 ನಿಮಿಷ ಓದಲು, ಉಳಿದ 45 ನಿಮಿಷ ಬರೆಯಲು. ಒಟ್ಟು 7 ಅಂಕ.

ನಮ್ಮ ನೆಲದ್ದೇ ಒಂದು ಉದಾಹರಣೆ ಇಟ್ಟುಕೊಂಡು ನೋಡಬಹುದು. ಇದು ಪರೀಕ್ಷೆಯಲ್ಲಿ ಬಂದ ಪ್ರಶ್ನೆಯಲ್ಲ, ವಿವರಣೆಗಾಗಿ ಮಾಡಿಕೊಂಡದ್ದು: ‘1500 ರಿಂದ 1600 ರ ನಡುವೆ ಸಮುದ್ರದ ಕುದುರೆ ವ್ಯಾಪಾರವು ದಕ್ಷಿಣ ಭಾರತದ ರಾಜ್ಯಗಳ ಬಲವನ್ನು ಎಷ್ಟರ ಮಟ್ಟಿಗೆ ಬದಲಿಸಿತು?’ ಕೊಡಬಹುದಾದ ದಾಖಲೆಗಳು: ಸುಮಾರು 1520 ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ವರದಿ. ಅದರ ಹದಿನೈದು ವರ್ಷದ ನಂತರ ಬರೆದ ಫೆರ್ನಾವ್ ನೂನಿಜ್‌ನ ವೃತ್ತಾಂತ. ಗೋವಾದ ಪೋರ್ಚುಗೀಸ್ ಅಧಿಕಾರಿ ತನ್ನ ರಾಜನಿಗೆ ಬರೆದ ಕಾಗದ. ಬಿಜಾಪುರದ ಆಸ್ಥಾನದಲ್ಲಿ ಕುಳಿತು ಫರಿಶ್ತಾ ಬರೆದ ಇತಿಹಾಸ. ಸಂತೆಯ ಸುಂಕದ ಒಂದು ಶಾಸನ. ಹಂಪಿಯ ಮಹಾನವಮಿ ದಿಬ್ಬದಲ್ಲಿ ಕೆತ್ತಿರುವ ಕುದುರೆಗಳ ಚಿತ್ರ. ಬಂದರುಗಳ ಒಂದು ನಕ್ಷೆ.

ಇವನ್ನು ಸಾರಾಂಶ ಮಾಡಿ ಒಂದರ ಕೆಳಗೊಂದು ಬರೆದರೆ ಹೆಚ್ಚು ಅಂಕ ಬರುವುದಿಲ್ಲ. ಮೊದಲು ಪ್ರಶ್ನೆಗೆ ನೇರ ಉತ್ತರ ಹೇಳುವ ಒಂದು ವಾದ ಬೇಕು: ಬದಲಿಸಿತು, ಆದರೆ ಇಂಥ ಕಾರಣಕ್ಕೆ ಇಷ್ಟರ ಮಟ್ಟಿಗೆ ಮಾತ್ರ, ಎಂಬ ಹಾಗೆ. ಅದಕ್ಕೆ 1 ಅಂಕ. ಆ ಕಾಲದ ದೊಡ್ಡ ಹಿನ್ನೆಲೆ ಹೇಳಿದರೆ 1. ಮೂರು ದಾಖಲೆಗಳಲ್ಲಿ ಏನಿದೆ ಎಂದು ವಿಷಯಕ್ಕೆ ಹೊಂದಿಸಿದರೆ 1. ನಾಲ್ಕನ್ನಾದರೂ ತನ್ನ ವಾದಕ್ಕೆ ಆಧಾರವಾಗಿ ನಿಲ್ಲಿಸಿದರೆ ಅಲ್ಲಿಗೆ 2. ದಾಖಲೆಗಳ ಹೊರಗಿನ ಒಂದು ಸಂಗತಿ ತಂದರೆ 1. ಉದಾಹರಣೆಗೆ 1565 ರ ಯುದ್ಧದ ವಿಷಯವನ್ನು ವಾದಕ್ಕೆ ಹೊಂದುವಂತೆ ತರಬಹುದು. ಎದುರು ಮಾತನ್ನೂ ತೂಗಿ ನೋಡಿ ವಿಷಯದ ಸಿಕ್ಕು ಬಿಡಿಸಿದರೆ 1. ಇನ್ನುಳಿದ ಒಂದು ಅಂಕವೇ ಕುತೂಹಲದ್ದು. ಕನಿಷ್ಠ ಎರಡು ದಾಖಲೆಗಳ ಬಗ್ಗೆ, ಬರೆದವನು ಯಾರು, ಯಾರಿಗಾಗಿ ಬರೆದ, ಯಾವ ಉದ್ದೇಶಕ್ಕೆ, ಯಾವ ಸಂದರ್ಭದಲ್ಲಿ ಎಂಬುದು ಆ ಮಾತಿನ ತೂಕವನ್ನು ಹೇಗೆ ಬದಲಿಸುತ್ತದೆ ಎಂದು ಹೇಳಬೇಕು.

ನೂನಿಜ್ ಕುದುರೆ ವ್ಯಾಪಾರಿ. ಅರಸನ ಕುದುರೆಗಳ ಸಂಖ್ಯೆ, ಬೆಲೆಗಳ ಬಗ್ಗೆ ಅವನು ಹೇಳುವುದಕ್ಕೆ ಒಂದು ಬಗೆಯ ನಂಬಿಕೆ ಇದೆ, ಏಕೆಂದರೆ ಅದು ಅವನ ದಂಧೆ. ಕುದುರೆಯಿಂದಲೇ ಯುದ್ಧ ಗೆದ್ದರು ಎಂದು ಅವನು ಹೇಳಿದರೆ ಮಾತ್ರ ಸ್ವಲ್ಪ ತಡೆದು ಕೇಳಬೇಕು. ಅದೇ ಹಾಗೆ, ಬಿಜಾಪುರದ ಸುಲ್ತಾನನ ಆಶ್ರಯದಲ್ಲಿದ್ದ ಫರಿಶ್ತಾ ವಿಜಯನಗರದ ಸೋಲಿನ ಬಗ್ಗೆ ಬರೆಯುವಾಗ ಯಾರನ್ನು ಮೆಚ್ಚಿಸಬೇಕಿತ್ತು ಎಂಬುದನ್ನೂ ನೋಡಬೇಕು. ಇಬ್ನ್ ಬತೂತ ತನ್ನ ಪ್ರವಾಸದ ಕತೆಯನ್ನು ಊರಿಗೆ ಮರಳಿದ ಮೇಲೆ ಇನ್ನೊಬ್ಬನಿಗೆ ಹೇಳಿ ಬರೆಸಿದ್ದು, 1355 ರಲ್ಲಿ ಅದು ಮುಗಿಯಿತು. ಹೊನ್ನಾವರವನ್ನು ಕಂಡು ಆಗಲೇ ಹತ್ತು ವರ್ಷದ ಮೇಲಾಗಿತ್ತು. ಹಾಗೆಂದು ಅವನ ಮಾತು ಸುಳ್ಳಾಗುವುದಿಲ್ಲ, ಆದರೆ ಅಂಕಿಗಳನ್ನು ಅಲ್ಲಾಡದ ಸತ್ಯ ಎಂದು ಹಿಡಿಯುವಂತಿಲ್ಲ.

ಗಡಿನಾಡಿನ ಹಳ್ಳಿಗರಿಗೆ ಈ ಕೆಲಸ ಅಪರಿಚಿತವೇನಲ್ಲ. ಜತ್ತದವರು ಸಾತ್‌ಬಾರಾ ಉತಾರೆಯನ್ನು, ಆದೋನಿಯವರು ಅಡಂಗಲ್ಲನ್ನು, ಹೊಸೂರಿನವರು ಪಟ್ಟಾ-ಚಿಟ್ಟಾವನ್ನು ಕೈಗೆತ್ತಿಕೊಂಡಾಗ ಮೊದಲು ನೋಡುವುದು ಅದನ್ನೇ: ಯಾವ ವರ್ಷದ್ದು, ಯಾರ ಸಹಿ, ಯಾರ ಕಾಲದಲ್ಲಿ ಹೆಸರು ಬದಲಾಯಿತು. ಜಮೀನಿನ ಕಾಗದಕ್ಕೆ ಕೇಳುವ ಪ್ರಶ್ನೆಯನ್ನು ಇತಿಹಾಸದ ಕಾಗದಕ್ಕೂ ಕೇಳು ಎನ್ನುವುದು ಈ ಕೋರ್ಸು.

ಪ್ರಬಂಧಗಳನ್ನು ಕಾಲೇಜು ಅಧ್ಯಾಪಕರು ಮತ್ತು ಅನುಭವಿ ಹೈಸ್ಕೂಲ್ ಶಿಕ್ಷಕರು ಜೂನ್‌ನಲ್ಲಿ ಓದಿ ಅಂಕ ಹಾಕುತ್ತಾರೆ, ಜುಲೈನಲ್ಲಿ ಫಲಿತಾಂಶ. 5 ಎಂದರೆ ಅತ್ಯುತ್ತಮ, 3 ಎಂದರೆ ಅರ್ಹ. 2023 ಮತ್ತು 2024 ರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ 3 ಅಥವಾ ಮೇಲಿನ ಅಂಕ ಪಡೆದರು. ಕೊರೋನಾ ಬಂದ 2020 ರಲ್ಲಿ ಮಾತ್ರ ಎಲ್ಲವನ್ನೂ ಬಿಟ್ಟು, ಮನೆಯಿಂದಲೇ 45 ನಿಮಿಷದಲ್ಲಿ ಬರೆಯುವ ದಾಖಲೆ ಆಧಾರಿತ ಪ್ರಶ್ನೆಯೊಂದನ್ನೇ ಇಟ್ಟಿದ್ದರು. ಒಂದೇ ಪ್ರಶ್ನೆ ಉಳಿಸಿಕೊಳ್ಳಬೇಕಾದಾಗ ಯಾವುದನ್ನು ಉಳಿಸಿಕೊಂಡರು ಎಂಬುದೂ ಗಮನಿಸತಕ್ಕದ್ದೇ.

2018 ರ ಜಗಳ: ಪ್ರಪಂಚ ಎಲ್ಲಿಂದ ಶುರು?

ಮೊದಲ ರೂಪದಲ್ಲಿ ಈ ಕೋರ್ಸು ಬೇಸಾಯ ಆರಂಭವಾದ ಕಾಲದಿಂದ ಇಂದಿನವರೆಗೆ ಸುಮಾರು 10 ಸಾವಿರ ವರ್ಷ ಹಿಡಿದಿತ್ತು. 2011-12 ರಲ್ಲಿ ಅದನ್ನು ಆರು ಕಾಲಘಟ್ಟಗಳಾಗಿ ಮಾಡಿ ಹಳೆಯ ಕಾಲದ ತೂಕ ಇಳಿಸಿದರು, ಕ್ರಿ.ಪೂ. 600 ಕ್ಕೆ ಹಿಂದಿನದಕ್ಕೆ ಬರೇ ಶೇ. 5. ಆದರೂ ಶಿಕ್ಷಕರು ಓಡುತ್ತಲೇ ಇದ್ದರು. ಸೋಮವಾರ ಅಶೋಕ, ಬುಧವಾರ ರೋಮ್ ಎಂಬಂಥ ಓಟ.

2018 ರ ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಒಂದು ನಿರ್ಧಾರ ಪ್ರಕಟಿಸಿತು: ಇನ್ನು ಮುಂದೆ ಪರೀಕ್ಷೆ 1450 ರಿಂದ ಈಚಿನದ್ದು ಮಾತ್ರ. ಅವರ ಕಾರಣ ತಳ್ಳಿಹಾಕುವಂಥದ್ದಲ್ಲ. ಕಾಲೇಜುಗಳು ಎರಡು ಸೆಮಿಸ್ಟರ್‌ನಲ್ಲಿ ಕಲಿಸುವುದಕ್ಕಿಂತ ಹೆಚ್ಚನ್ನು ಹೈಸ್ಕೂಲಿನ ಒಂದು ವರ್ಷಕ್ಕೆ ತುರುಕಲಾಗಿದೆ, ಹಳೆಯದನ್ನು ಬೇರೊಂದು ಕೋರ್ಸಾಗಿ ಓದಲಿ ಎಂಬುದು ಅವರ ವಾದ.

ಆದರೆ ಗದ್ದಲ ಎದ್ದಿತು. 1450 ಎಂದರೆ ಯುರೋಪಿನ ಹಡಗುಗಳು ಹೊರಡುವ ಹೊತ್ತು. ಅಲ್ಲಿಂದ ಕತೆ ಶುರುವಾದರೆ ಆಫ್ರಿಕಾ ಮೊದಲು ಕಾಣಿಸಿಕೊಳ್ಳುವುದು ಗುಲಾಮರ ಖಂಡವಾಗಿ, ಅಮೆರಿಕದ ಮೂಲನಿವಾಸಿಗಳು ಕಾಣಿಸಿಕೊಳ್ಳುವುದು ಸೋತವರಾಗಿ, ಭಾರತ ಕಾಣಿಸಿಕೊಳ್ಳುವುದು ಮೆಣಸು ಕೊಳ್ಳುವ ಜಾಗವಾಗಿ. ಅದಕ್ಕೆ ಹಿಂದೆ ಮಾಲಿಯ ದೊರೆ ಮನ್ಸಾ ಮೂಸ 1324 ರಲ್ಲಿ ಚಿನ್ನ ಹೇರಿಕೊಂಡು ಮೆಕ್ಕಾಗೆ ಹೋದದ್ದು, ಬಾಗ್ದಾದಿನ ವಿದ್ವಾಂಸರು, ಸೋಂಗ್ ಕಾಲದ ಚೀನಾ, ಎಲ್ಲ ಅಳಿಸಿಹೋಗುತ್ತವೆ. ಹಳೆಯದನ್ನು ಬೇರೆ ಕೋರ್ಸಾಗಿ ಕಲಿಸಿ ಎಂದರೆ, ಪರೀಕ್ಷೆಯೇ ಇಲ್ಲದ ಕೋರ್ಸಿಗೆ ಶಾಲೆಗಳು ಎಲ್ಲಿಂದ ಸಮಯ, ಹಣ ಕೊಡುತ್ತವೆ ಎಂದು ಶಿಕ್ಷಕರು ಕೇಳಿದರು. ಮಕ್ಕಳೂ ಸಹಿ ಸಂಗ್ರಹಕ್ಕೆ ಇಳಿದರು. ಜೂನ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಉತ್ತರಪತ್ರಿಕೆ ತಿದ್ದಲು ಸೇರಿದ್ದ ಶಿಕ್ಷಕರು ಎಪಿ ಯೋಜನೆಯ ಮುಖ್ಯಸ್ಥ ಟ್ರೆವರ್ ಪ್ಯಾಕರ್ ಅವರನ್ನು ಸಭೆಯಲ್ಲೇ ನೇರವಾಗಿ ಪ್ರಶ್ನಿಸಿದರು. ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಕೂಡ ಮತ್ತೊಮ್ಮೆ ಯೋಚಿಸಿ ಎಂದು ಪತ್ರ ಬರೆಯಿತು.

ಜುಲೈನಲ್ಲಿ ಕಾಲೇಜ್ ಬೋರ್ಡ್ ಅರ್ಧ ದಾರಿ ಹಿಂದೆ ಸರಿಯಿತು: ಕೋರ್ಸು 1200 ರಿಂದ ಶುರು. 2019-20 ರಿಂದ ಹೊಸ ಹೆಸರಿನಲ್ಲಿ ಅದು ಜಾರಿಗೆ ಬಂತು. 250 ವರ್ಷ ಹಿಂದೆ ಸರಿಸಿದ್ದರಿಂದ ಮನ್ಸಾ ಮೂಸ, ಮಂಗೋಲರು, ದೆಹಲಿ ಸುಲ್ತಾನರು ಉಳಿದುಕೊಂಡರು. 1336 ರಲ್ಲಿ ಹುಟ್ಟಿದ ವಿಜಯನಗರ ತನ್ನ ಮೊದಲ ನೂರು ವರ್ಷದ ಸಮೇತ ಒಳಗೆ ಬಂತು.

ಗೆರೆ ಎಲ್ಲೇ ಎಳೆದರೂ ಆಚೆ ಉಳಿಯುವವರು ಇದ್ದೇ ಇರುತ್ತಾರೆ. ಅಶೋಕ, ಗುಪ್ತರು, ಬಾದಾಮಿಯ ಚಾಲುಕ್ಯರು, 1025 ರಲ್ಲಿ ಸಮುದ್ರದಾಚೆ ನೌಕಾಪಡೆ ಕಳಿಸಿದ ರಾಜೇಂದ್ರ ಚೋಳ ಈಗ ಹೊರಗೆ. ಹನ್ನೆರಡನೇ ಶತಮಾನದ ಕಲ್ಯಾಣವೂ, ಸೊನ್ನಲಿಗೆಯ ಅಂದರೆ ಇಂದಿನ ಸೊಲ್ಲಾಪುರದ ಸಿದ್ಧರಾಮನೂ ಕೆಲವೇ ದಶಕಗಳ ಅಂತರದಲ್ಲಿ ಗೆರೆಯ ಆಚೆಗೆ ಬೀಳುತ್ತಾರೆ. ನಮ್ಮ ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ವಿಶ್ವ ಇತಿಹಾಸದ ಪುಸ್ತಕ 2006 ರಲ್ಲಿ ಬಂದಾಗ ಮೆಸೊಪೊಟೇಮಿಯ, ರೋಮ್‌ಗಳಿಗೂ ಜಾಗ ಇಟ್ಟಿತ್ತು. ಎಲ್ಲವನ್ನೂ ಹೇಳುವ ಬದಲು ಕೆಲವು ವಿಷಯ ಆರಿಸಿಕೊಂಡು ಹೇಳುವ ದಾರಿ ಅದರದ್ದು. ಕಾಲದ ಉದ್ದ ಕಡಿಮೆ ಮಾಡುವುದೋ, ವಿಷಯಗಳನ್ನು ಆರಿಸುವುದೋ? ಎರಡನೆಯದೇ ಹೆಚ್ಚು ನ್ಯಾಯ ಎನಿಸುತ್ತದೆ, ಆದರೆ ಲಕ್ಷಾಂತರ ಮಕ್ಕಳಿಗೆ ಒಂದೇ ಪ್ರಶ್ನೆಪತ್ರಿಕೆ ಮಾಡುವವರಿಗೆ ಮೊದಲನೆಯದೇ ಸುಲಭ.

ಇದರಿಂದ ಸಿಗುವುದೇನು?

ಹಣದ ಲೆಕ್ಕದಲ್ಲಿ ಹೇಳುವುದಾದರೆ, 2025 ರಲ್ಲಿ ಅಮೆರಿಕದೊಳಗೆ ಪರೀಕ್ಷಾ ಶುಲ್ಕ 99 ಡಾಲರ್, ಹೊರದೇಶಗಳಲ್ಲಿ 129 ಡಾಲರ್. ಬಡ ಕುಟುಂಬದ ಮಕ್ಕಳಿಗೆ ಅಲ್ಲಿ ರಿಯಾಯಿತಿ ಇದೆ. ಅಲ್ಲಿನ ಕಾಲೇಜಿನಲ್ಲಿ ಒಂದು ವಿಷಯಕ್ಕೆ ಕಟ್ಟಬೇಕಾದ ಫೀಸಿನ ಎದುರು ಇದು ಅಲ್ಪ. ಹಾಗಾಗಿ ಕ್ರೆಡಿಟ್ ಸಿಕ್ಕರೆ ಲಾಭ ನಿಜ. ಆದರೆ ಸಿಗುತ್ತದೆಯೇ ಎಂಬುದು ಕಾಲೇಜಿನ ಮೇಲೆ ನಿಂತಿದೆ. ಇಲಿನಾಯ್ ರಾಜ್ಯದ ಸರಕಾರಿ ಕಾಲೇಜುಗಳು 3 ಬಂದರೆ ಕ್ರೆಡಿಟ್ ಕೊಡಬೇಕೆಂದು ಕಾನೂನೇ ಇದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವೂ 3 ಕ್ಕೆ ಕ್ರೆಡಿಟ್ ಕೊಡುತ್ತದೆ. ಹೆಸರುವಾಸಿ ಖಾಸಗಿ ಕಾಲೇಜುಗಳಲ್ಲಿ ಕೆಲವು 4 ಅಥವಾ 5 ಕೇಳುತ್ತವೆ, ಕೆಲವು ಏನೂ ಕೊಡುವುದಿಲ್ಲ. ಡಾರ್ಟ್‌ಮತ್ ಕಾಲೇಜು 2014 ರಲ್ಲಿ ಸೇರಿದ ಮಕ್ಕಳಿಂದ ಎಪಿಗೆ ಕ್ರೆಡಿಟ್ ಕೊಡುವುದನ್ನು ನಿಲ್ಲಿಸಿತು. ಅಂಥ ಕಡೆ ಪ್ರವೇಶದ ಅರ್ಜಿಯಲ್ಲಿ ‘ಕಷ್ಟದ ಕೋರ್ಸು ಓದಿದ್ದಾನೆ’ ಎಂದು ತೋರಿಸುವುದಕ್ಕಷ್ಟೇ ಇದು ಉಪಯೋಗ. ಶಾಲೆಯ ಸರಾಸರಿ ಅಂಕದಲ್ಲೂ ಎಪಿಗೆ ಹೆಚ್ಚು ತೂಕ: ಹಲವು ಶಾಲೆಗಳು ಸಾಮಾನ್ಯ ತರಗತಿಯ ‘ಎ’ ಗೆ 4 ಕೊಟ್ಟರೆ ಎಪಿಯ ‘ಎ’ ಗೆ 5 ಕೊಡುತ್ತವೆ.

ಇದರ ಇನ್ನೊಂದು ಮುಖವೂ ಇದೆ. ಎಪಿಗಳ ಸಂಖ್ಯೆ ಮಕ್ಕಳ ನಡುವೆ ಪೈಪೋಟಿಯ ಸರಕಾಗಿದೆ. ಭಾರತೀಯ ಮನೆಗಳಲ್ಲಿ ಈ ಪೈಪೋಟಿ ಸ್ವಲ್ಪ ಜಾಸ್ತಿಯೇ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿತ, ವಿಜ್ಞಾನದ ಎಪಿ ಜೊತೆಗೆ ಲೆಕ್ಕಕ್ಕೊಂದು ಇರಲಿ ಎಂದು ಇದನ್ನು ತೆಗೆದುಕೊಂಡವರಿಗೆ ವರ್ಷವಿಡೀ ಓದಿನ ಹೊರೆ ಮಾತ್ರ ಉಳಿಯುತ್ತದೆ. ವೇಗವಾಗಿ ಓದಲು, ಗಡಿಯಾರ ನೋಡಿಕೊಂಡು ಬರೆಯಲು ಬರುವ ಮಗುವಿಗೆ, ಅಥವಾ ಅದನ್ನು ಕಲಿಯುವ ಮನಸ್ಸಿರುವ ಮಗುವಿಗೆ ಇದು ಒಳ್ಳೆಯ ಕೋರ್ಸು. ಇಲ್ಲದಿದ್ದರೆ ಸಾಮಾನ್ಯ ಇತಿಹಾಸದ ತರಗತಿಯಲ್ಲೇ ಕೂತು ಚೆನ್ನಾಗಿ ಕಲಿಯುವುದು ಲೇಸು.

ಗಡಿನಾಡಿನ ಮಕ್ಕಳಿಗೆ?

ಭಾರತದಲ್ಲೂ ಎಪಿ ಪರೀಕ್ಷೆ ಬರೆಯಬಹುದು. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಕೇಂದ್ರಗಳಿವೆ. ಕೋರ್ಸು ಶಾಲೆಯಲ್ಲೇ ಓದಿರಬೇಕೆಂಬ ಕಡ್ಡಾಯ ಇಲ್ಲ, ಸ್ವಂತವಾಗಿ ಓದಿಯೂ ಕೂರಬಹುದು. ಆದರೆ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಅಮೆರಿಕದಲ್ಲೋ ಅದನ್ನು ಒಪ್ಪುವ ಬೇರೆ ದೇಶದಲ್ಲೋ ಪದವಿ ಓದುವ ಯೋಚನೆ ಇದ್ದವರಿಗೆ ಇದರಿಂದ ಪ್ರಯೋಜನ. ಸೊಲ್ಲಾಪುರದಲ್ಲಿ ಬಿಎ ಸೇರುವವರಿಗೆ, ಕಾಸರಗೋಡಿನ ಕಾಲೇಜಿಗೆ ಹೋಗುವವರಿಗೆ ಇದರ ಅಂಕಪಟ್ಟಿಯಿಂದ ಒಂದು ಪೇಪರೂ ಕಡಿಮೆಯಾಗುವುದಿಲ್ಲ. ಅದಕ್ಕಾಗಿ 129 ಡಾಲರ್ ಖರ್ಚು ಮಾಡುವ ಅಗತ್ಯವಿಲ್ಲ.

ಪರೀಕ್ಷೆ ಬೇಡ, ಪದ್ಧತಿ ಬೇಕು ಎನ್ನುವ ಶಿಕ್ಷಕರಿಗೆ ಮಾತ್ರ ಬೇಕಾದಷ್ಟು ಸಿಗುತ್ತದೆ. ಕೋರ್ಸಿನ ಪೂರ್ಣ ಪಾಠಕ್ರಮ, ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳು, ಮಕ್ಕಳು ಬರೆದ ಮಾದರಿ ಉತ್ತರಗಳು, ಅವಕ್ಕೆ ಏಕೆ ಎಷ್ಟು ಅಂಕ ಬಂತು ಎಂಬ ಟಿಪ್ಪಣಿ, ಎಲ್ಲವನ್ನೂ ಕಾಲೇಜ್ ಬೋರ್ಡ್ ತನ್ನ ಜಾಲತಾಣದಲ್ಲಿ ಪುಕ್ಕಟೆಯಾಗಿ ಇಟ್ಟಿದೆ. ಖಾನ್ ಅಕಾಡೆಮಿಯ ವಿಶ್ವ ಇತಿಹಾಸದ ಪಾಠಗಳೂ ಪುಕ್ಕಟೆ, ಇಂಗ್ಲಿಷಿನಲ್ಲಿವೆ.

ಗಡಿನಾಡಿನ ಶಾಲೆಗಳಲ್ಲಿ ಇದಕ್ಕೆ ವಿಶೇಷ ಅವಕಾಶವೂ ಇದೆ. ಇಲ್ಲಿನ ಮಕ್ಕಳು ಒಂದು ರಾಜ್ಯದ ಪಠ್ಯಪುಸ್ತಕ ಓದುತ್ತಾರೆ, ಮನೆಯಲ್ಲಿ ಇನ್ನೊಂದು ರಾಜ್ಯದ ಪತ್ರಿಕೆ ನೋಡುತ್ತಾರೆ. 1953 ರ ಅಕ್ಟೋಬರ್ 1 ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1956 ರ ನವೆಂಬರ್ 1 ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಸೇರಿತು. 1967 ರ ಮಹಾಜನ ವರದಿ ಚಂದ್ರಗಿರಿ ನದಿಯ ಉತ್ತರ ಭಾಗವೂ, ಜತ್ತ, ಅಕ್ಕಲಕೋಟೆಗಳೂ ಅಂದಿನ ಮೈಸೂರು ರಾಜ್ಯಕ್ಕೆ ಬರಬೇಕೆಂದಿತು, ಆದರೆ ಜಾರಿಯಾಗಲಿಲ್ಲ. ಇದೇ ಘಟನೆ ಒಂದು ಕಡೆ ಏಕೀಕರಣದ ವಿಜಯ, ಇನ್ನೊಂದು ಕಡೆ ನಷ್ಟ. ಜನಗಣತಿಯ ಭಾಷಾವಾರು ಅಂಕಿ, ಆಯೋಗದ ವರದಿಯ ಒಂದು ಪುಟ, ಆ ಕಾಲದ ಕನ್ನಡ ಪತ್ರಿಕೆಯ ಸಂಪಾದಕೀಯ, ಅದೇ ವಾರದ ಮರಾಠಿ ಅಥವಾ ಮಲಯಾಳ ಪತ್ರಿಕೆಯದ್ದು, ಪಂಚಾಯತಿಯೊಂದರ ಠರಾವು, ಒಂದು ಹಳೆಯ ನಕ್ಷೆ, ಊರಿನ ಹಿರಿಯರೊಬ್ಬರ ಮಾತು: ಏಳು ದಾಖಲೆ ಇಲ್ಲೇ ಆಯಿತು. ಮೂರು ಭಾಷೆ ಓದಬಲ್ಲ ಗಡಿನಾಡಿನ ಮಗು ಇದನ್ನು ಅನುವಾದವಿಲ್ಲದೆ ಮಾಡಬಲ್ಲದು. ಅಮೆರಿಕದ ಪರೀಕ್ಷೆಯಲ್ಲಿ ಕೊಡುವ ಬಹುಪಾಲು ಹೊರದೇಶದ ದಾಖಲೆಗಳು ಇಂಗ್ಲಿಷ್ ಅನುವಾದದಲ್ಲೇ ಇರುತ್ತವೆ.

ಪರೀಕ್ಷೆಯನ್ನೇ ಬರೆಯುವ ಯೋಚನೆ ಇದ್ದವರು ಗಮನಿಸಬೇಕಾದದ್ದು ದಿನಾಂಕ. ಪರೀಕ್ಷೆ ಮೇ ತಿಂಗಳಲ್ಲಾದರೂ ಹೆಸರು ನೋಂದಾಯಿಸುವ ಕೆಲಸ ಹಿಂದಿನ ವರ್ಷದ ನವೆಂಬರಿನಲ್ಲೇ ಮುಗಿದುಬಿಡುತ್ತದೆ. ಕೇಂದ್ರಗಳು ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳುತ್ತವೆಯೇ ಎಂದು ದಸರೆಗೆ ಮುಂಚೆಯೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.